ಇಪ್ಪತ್ತೆರಡು ಮಕ್ಕಳು ಮಲಗಿದ್ದ ಕೋಣೆ

ನೀವು ದುಡಿಯಲು ಹೋದ ಹೊತ್ತಿನಲ್ಲಿ ನಿಮ್ಮ ಮಗುವನ್ನು ನೋಡಿಕೊಂಡವರು ಸಂಜೆ ಅದನ್ನು ನಿಮ್ಮ ಕೈಗೊಪ್ಪಿಸುತ್ತ, “ಇಡೀ ದಿನ ಒಂದು ಸಲವೂ ಅಳಲಿಲ್ಲ” ಎಂದರೆ ನಿಮಗೆ ಸಮಾಧಾನವಾಗುತ್ತದೆಯೇ? ಆಗುತ್ತದೆ ಎಂದರೆ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ಒಂದು ಕಾಲಕ್ಕೆ ಆ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದವಳು ನಾನೇ. ಈಗ ಅದು ಕಿವಿಗೆ ಬಿದ್ದರೆ ನನ್ನ ಎದೆ ಝಲ್ಲೆನ್ನುತ್ತದೆ. ಏಕೆಂದು ಹೇಳುತ್ತೇನೆ.

೧೯೪೪ನೆಯ ಇಸವಿ. ಕೊಪ್ಪಳ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ರೇಲ್ವೆ ಸ್ಟೇಶನ್ನಿನ ಆಚೆ, ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಕಾರ್ಖಾನೆ ಇತ್ತು. ಸುಗ್ಗಿ ಮುಗಿದ ಮೇಲೆ ಯಲಬುರ್ಗಿ, ಕುಷ್ಟಗಿಗಳ ಕಡೆಯಿಂದ ಹೆಣ್ಣುಮಕ್ಕಳು ನಾಲ್ಕೈದು ತಿಂಗಳ ಕೆಲಸಕ್ಕೆಂದು ಬಂದು ಅಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಅವರ ಮಕ್ಕಳಿಗಾಗಿ ಕಾರ್ಖಾನೆಯ ಮಾಲಕರು ಅದೇ ವರ್ಷ ಆವರಣದೊಳಗೆ ಒಂದು ನರ್ಸರಿ ತೆರೆದರು; ಅದರ ಮೇಲ್ವಿಚಾರಕಿಯಾಗಿ ನಾನು ನೇಮಕಗೊಂಡೆ. ಅದು ನನ್ನ ಮೊದಲ ನೌಕರಿ. ನನಗೆ ಇಪ್ಪತ್ಮೂರು ವರ್ಷ. ಧಾರವಾಡದಲ್ಲಿ ಕಾಲೇಜು ಓದುವಾಗ ಚರ್ಚಾಕೂಟಗಳಲ್ಲಿ ಎರಡು ಸಲ ಬಹುಮಾನ ಗೆದ್ದಿದ್ದೆ. ಶಿಸ್ತು ತೊಟ್ಟಿಲಿನಲ್ಲಿಯೇ ಆರಂಭವಾಗಬೇಕೆಂಬ ಪಕ್ಷವನ್ನು ಹಿಡಿದು, ಎದುರಾಳಿ ಬಾಯಿ ಬಿಡದಂತೆ ವಾದಿಸಿದ್ದೆ. ದೇಶವನ್ನು ತಿದ್ದುವುದಾದರೆ ಮೂರು ವರ್ಷದೊಳಗಿನ ಮಕ್ಕಳಿಂದಲೇ ತಿದ್ದಬೇಕು ಎಂಬುದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆ ಇಂದಿಗೂ ಇದೆ. ಅದನ್ನು ನಡೆಸುವ ರೀತಿ ಮಾತ್ರ ಬದಲಾಗಿದೆ.

ಕಾರ್ಖಾನೆಯ ಹೆಂಗಸರು ಅದನ್ನು ನರ್ಸರಿ ಎಂದು ಕರೆಯಲಿಲ್ಲ. ಅವರಿಗೆ ಅದು ‘ಕೂಸಿನ ಸಾಲಿ’, ನಾನು ‘ಅಕ್ಕೋರು’. ಉದ್ದನೆಯ ಒಂದೇ ಕೋಣೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಇಪ್ಪತ್ತೆರಡು ಮಕ್ಕಳು. ನನ್ನ ಕೈಕೆಳಗೆ ನಿಂಬವ್ವ ಎಂಬ ಅರವತ್ತರ ಆಸುಪಾಸಿನ ಆಯಾ. ಕಲಿಕೆಗೆಂದು ಬಡಗಿಯಿಂದ ಮರದ ಬಿಲ್ಲೆಗಳನ್ನು ಮಾಡಿಸಿದ್ದೆ. ಕೆಂಪು, ಬಿಳಿ ಮಣಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವ ಬಟ್ಟಲುಗಳಿದ್ದವು. ಬೆರಳಿನಿಂದ ಗೆರೆ ಎಳೆಯಲು ಮರಳು ತುಂಬಿದ ತಟ್ಟೆಗಳಿದ್ದವು.

ಮೊದಲ ವಾರ ಮಕ್ಕಳ ಅಳುವಿನಿಂದ ಆ ಕೋಣೆಯಲ್ಲಿ ನಿಲ್ಲುವಂತಿರಲಿಲ್ಲ. ಆಗ ನಾನು ನಿಯಮಗಳನ್ನು ಬರೆದು, ದಪ್ಪ ಅಕ್ಷರಗಳಲ್ಲಿ ಗೋಡೆಗೆ ಹಚ್ಚಿದೆ. ಹೆಂಗಸರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಬಾಗಿಲಲ್ಲಿ ನಿಂತು ಓದಿಯೂ ಹೇಳಿದೆ. ನಾಲ್ಕನೆಯ ನಿಯಮ ಹೀಗಿತ್ತು: ಅರ್ಧ ಗಂಟೆಗೂ ಮೀರಿ ಅಳುವ ಮಗುವನ್ನು ತಾಯಿಯ ಬಳಿಗೆ ಹಿಂದಿರುಗಿಸಲಾಗುವುದು. ಅದರಲ್ಲಿ ಕ್ರೌರ್ಯವಿದೆಯೆಂದು ನನಗೆ ಹೊಳೆಯಲಿಲ್ಲ. ಅಷ್ಟು ಹೊತ್ತು ಅಳುವ ಮಗುವಿಗೆ ತಾಯಿಯೇ ಬೇಕಲ್ಲವೆ ಎಂಬುದು ನನ್ನ ತರ್ಕ. ಆದರೆ ಕಾರ್ಖಾನೆಯ ಪದ್ಧತಿ ಬೇರೆಯಿತ್ತು: ಮಗು ಕೈಗೆ ಬಂದ ಹೆಂಗಸನ್ನು ಯಂತ್ರದ ಮುಂದೆ ನಿಲ್ಲಿಸುತ್ತಿರಲಿಲ್ಲ, ಆ ದಿನಕ್ಕೆ ಮನೆಗೆ ಕಳಿಸುತ್ತಿದ್ದರು. ಎರಡನೆಯ ವಾರ ಮೂವರು ಹಾಗೆ ಹೋದರು. ಮೂರನೆಯ ವಾರ ಒಬ್ಬರೂ ಇಲ್ಲ. ನರ್ಸರಿ ಶಾಂತವಾಯಿತು. ಮಕ್ಕಳು ಬೆಳಿಗ್ಗೆ ಬರುತ್ತಿದ್ದಂತೆ ಚಾಪೆಯ ಮೇಲೆ ಒರಗುತ್ತಿದ್ದವು. ಎಚ್ಚರವಿದ್ದ ಕೆಲವು, ಕೈಯಲ್ಲಿ ಬಿಲ್ಲೆ ಹಿಡಿದು ಅದನ್ನು ಎಲ್ಲಿಡಬೇಕೆಂದು ಮರೆತವರಂತೆ ಕೂತಿರುತ್ತಿದ್ದವು. “ಶಿಸ್ತು ಮೂಡಿದೆ” ಎಂದು ನನ್ನ ವರದಿಯಲ್ಲಿ ಬರೆದೆ.

ಒಂದು ದಿನ ಗೇಟಿನಲ್ಲಿ ಹೆಂಗಸರು ನಗುತ್ತಿದ್ದರು. ಯಾಕೆಂದು ಕೇಳಿದರೆ ಒಬ್ಬಳು ಸೆರಗನ್ನು ಬಾಯಿಗಿಟ್ಟುಕೊಂಡು, “ಏನಿಲ್ರಿ ಅಕ್ಕೋರ, ನಾವು ಜೋಗುಳಾ ಹಾಡಿ ಮಲಗಸ್ತೀವಿ, ನೀವು ಭಾಷಣಾ ಮಾಡಿ ಮಲಗಸ್ತೀರಿ ಅಂತ ಮಾತಾಡಾಕತ್ತಿದ್ವಿ” ಎಂದಳು. ನಾನೂ ನಕ್ಕೆ. ಆ ನಗೆಯಲ್ಲಿ ಅವರೆಲ್ಲರಿಗೂ ತಿಳಿದಿದ್ದ, ನನಗೆ ತಿಳಿಯದ ಸಂಗತಿಯೊಂದಿತ್ತು.

ಮಾರ್ಚ್ ತಿಂಗಳಲ್ಲಿ ಮಾಲಕರು ತಮ್ಮ ಅತಿಥಿಗಳಿಬ್ಬರನ್ನು ನರ್ಸರಿ ತೋರಿಸಲು ಕರೆತರುವರೆಂದು ಸುದ್ದಿ ಬಂತು. ಅವರಿಗೆ ಒಪ್ಪಿಗೆಯಾದರೆ ಗಂಗಾವತಿಯಲ್ಲಿಯೂ ಇಂಥದೇ ಒಂದನ್ನು ತೆರೆಯುವ ಮಾತಿತ್ತು. ಹಿಂದಿನ ಸಂಜೆ ನಾನು ನಿಂಬವ್ವನಿಗೆ, “ನಾಳೆ ಮುಂಜಾನೆ ಒಂದ ಕೂಸೂ ಅಳಬಾರದು, ನೋಡ ನಿಂಬವ್ವಾ” ಎಂದೆ. ಅವಳು, “ಅಳೂದಿಲ್ಲ ಬಿಡ್ರಿ” ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ.

ಅತಿಥಿಗಳು ಹನ್ನೊಂದು ಗಂಟೆಗೆ ಬಂದರು. ಕಸೂತಿ ಹಾಕಿದ ಕುಲಾವಿಗಳಲ್ಲಿ ಮಕ್ಕಳು ಸಾಲಾಗಿ ಮಲಗಿದ್ದವು. ನಾನು ವಿವರಿಸುತ್ತ ನಡೆದೆ. ಕಲಿಕೆಯನ್ನು ಪ್ರತ್ಯಕ್ಷ ತೋರಿಸಬೇಕೆಂದು ಗಂಗಿಯ ಬಳಿ ಕೂತೆ. ಅವಳು ಯಲ್ಲವ್ವ ಎಂಬಾಕೆಯ ಮಗಳು, ಎರಡು ವರ್ಷ ದಾಟಿ ಮೂರು ತಿಂಗಳು. ನಮ್ಮಲ್ಲಿ ಕೆಂಪು ಮಣಿ, ಬಿಳಿ ಮಣಿಗಳನ್ನು ತಪ್ಪದೆ ಬೇರೆ ಮಾಡುತ್ತಿದ್ದವಳು ಅವಳೊಬ್ಬಳೇ. “ಗಂಗೀ, ಏಳವ್ವಾ” ಎಂದು ಭುಜ ತಟ್ಟಿದೆ. ಏಳಲಿಲ್ಲ. ಎತ್ತಿ ಕೂರಿಸಿದೆ, ತಲೆ ಮುಂದಕ್ಕೆ ಜೋಲಿತು. “ಗಾಢ ನಿದ್ದೆ” ಎಂದು ನಗುತ್ತ ಮತ್ತೆ ಮಲಗಿಸಿ, ಬೇರೊಂದು ಮಗುವಿನ ಕೈಯಲ್ಲಿ ಮರಳ ತಟ್ಟೆಯ ಮೇಲೆ ಗೆರೆ ಎಳೆಸಿದೆ. ಅತಿಥಿಗಳಲ್ಲೊಬ್ಬರು ಹೊರಡುವಾಗ ಉರ್ದುವಿನಲ್ಲಿ, ಇಷ್ಟು ನೆಮ್ಮದಿಯ ಕೋಣೆಯನ್ನು ನಾನೆಲ್ಲೂ ಕಂಡಿಲ್ಲ ಎಂದರು. ನಾನು ಕೈ ಮುಗಿದೆ.

ಅವರ ಮೋಟಾರು ಗೇಟು ದಾಟುವವರೆಗೆ ನಿಂತಿದ್ದು ಒಳಗೆ ಬಂದೆ. ಗಂಗಿಯ ತುಟಿ ಜಂಬು ನೇರಳೆ ತಿಂದ ಬಣ್ಣಕ್ಕೆ ತಿರುಗಿತ್ತು. ಮೂಗಿನ ಬಳಿ ಬೆರಳಿಟ್ಟೆ. ಉಸಿರು ಬಂತು, ಆಮೇಲೆ ಎಷ್ಟೋ ಹೊತ್ತು ಬರಲೇ ಇಲ್ಲ, ನಾನು ಕಿರುಚಬೇಕೆನ್ನುವಷ್ಟರಲ್ಲಿ ಮತ್ತೊಂದು ಬಂತು. ಮೊದಲು ಎಬ್ಬಿಸಲು ಹೋದಾಗಿನಿಂದ ಈ ಕ್ಷಣದವರೆಗೆ ಅರ್ಧ ಗಂಟೆಗಿಂತ ಹೆಚ್ಚು ಕಳೆದಿತ್ತು. ಅಷ್ಟು ಹೊತ್ತು ಆ ಮಗು ಹೀಗೇ ಉಸಿರಾಡುತ್ತಿದ್ದಾಗ ನಾನು ಅದನ್ನು ಜನರಿಗೆ ತೋರಿಸುತ್ತ ನಕ್ಕಿದ್ದೆ.

“ನಿಂಬವ್ವಾ, ಯಲ್ಲವ್ವನ್ನ ಕರಕೊಂಡು ದವಾಖಾನಿಗೆ ಬಾ!” ಎಂದು ಕೂಗಿ, ಉಳಿದ ಮಕ್ಕಳ ಬಳಿ ಕಾವಲುಗಾರನ ಹೆಂಡತಿಯನ್ನು ಕೂರಿಸಿ, ಮಗುವನ್ನು ಎದೆಗವಚಿಕೊಂಡು ಟಾಂಗಾ ಹತ್ತಿದೆ. ದಾರಿಯುದ್ದಕ್ಕೂ ಅವಳ ಉಸಿರನ್ನು ಎಣಿಸಿದೆ. ಕುದುರೆಯ ಗೊರಸಿನ ಸಪ್ಪಳದಲ್ಲಿ ಒಂದೆರಡು ಸಲ ಲೆಕ್ಕ ತಪ್ಪಿದಾಗ ಸತ್ತೇಹೋಯಿತೆಂದು ತಿಳಿದೆ.

ಡಾಕ್ಟರ್ ಸಾಹೇಬರು ಅಂದು ಯಲಬುರ್ಗಿಯ ಕಡೆಗೆ ತಿರುಗಾಟಕ್ಕೆ ಹೋಗಿದ್ದರು. ದವಾಖಾನೆಯಲ್ಲಿದ್ದವರು ಕಂಪೌಂಡರ್ ದಸ್ತಗೀರಸಾಬರು. ಔಷಧಿ ಬೆರೆಸಿ ಕೊಡುವ ಕೆಲಸದಲ್ಲಿ ಮುಪ್ಪಾದವರು. ಮಗುವನ್ನು ಮೇಜಿನ ಮೇಲೆ ಹಾಕಿಸಿ, ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆಯನ್ನು ಎತ್ತಿದರು. ಕರಿ ಪಾಪೆ ಸೂಜಿಯ ಮೊನೆಯಷ್ಟಕ್ಕೆ ಕುಗ್ಗಿತ್ತು. ವೈದ್ಯರು ಇದನ್ನು ‘ಪಿನ್‌ಪಾಯಿಂಟ್ ಪ್ಯೂಪಿಲ್’ ಎನ್ನುತ್ತಾರೆಂದು ಆಮೇಲೆ ತಿಳಿದೆ.

“ಅಫೀಮು,” ಎಂದರು ದಸ್ತಗೀರಸಾಬರು. “ಎಷ್ಟ ಕೊಟ್ಟಾರ? ಯಾವಾಗ?”

“ನಮ್ಮ ನರ್ಸರಿಯಲ್ಲಿ ಅಂಥದು...” ಎಂದು ಶುರು ಮಾಡಿದೆ.

“ಟೀಚರಬಾಯಿ, ಕಾಲೇಜಿನ್ಯಾಗ ಮಾತಾಡಾಕ ಕಲಿಸ್ಯಾರ, ಕೂಸಿನ ಕಣ್ಣ ತಗದು ನೋಡಾಕ ಕಲಿಸಿಲ್ಲೇನು? ಆ ಕೈ ಹಿಡಕೋರಿ. ಮ್ಯಾಲ ಎತ್ರಿ, ಎದಿ ಮ್ಯಾಲ ಒತ್ರಿ. ಮತ್ತ ಎತ್ರಿ. ನಾ ಬ್ಯಾಡ ಅನ್ನೂ ತನಕ ನಿಲ್ಲಸಬ್ಯಾಡ್ರಿ.”

ಅದು ಆರ್ಟಿಫಿಶಿಯಲ್ ರೆಸ್ಪಿರೇಶನ್, ಅಂದರೆ ನಿಲ್ಲುತ್ತಿರುವ ಉಸಿರನ್ನು ಕೈಯಿಂದ ನಡೆಸುವ ವಿಧಾನ. ಎರಡು ಸಣ್ಣ ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ, ಮಡಚಿ, ಪಕ್ಕೆಗೆ ಒತ್ತುವುದು. ಅವರು ರಬ್ಬರ್ ನಳಿಗೆಯನ್ನು ಗಂಟಲಲ್ಲಿಳಿಸಿ, ಕಾಲರಾ ಬಂದಾಗ ಬಾವಿಗೆ ಹಾಕುವ ನೇರಳೆ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ ಹೊಟ್ಟೆ ತೊಳೆದರು. ಸ್ಟೇಶನ್ನಿನ ಹೊಟೇಲಿನಿಂದ ಹಾಲೂ ಸಕ್ಕರೆಯೂ ಇಲ್ಲದ ಕಾಫಿ ತರಿಸಿ ಅದೇ ನಳಿಗೆಯಿಂದ ಹಾಕಿದರು. ಕೈಗಡಿಯಾರ ನೋಡಿ, “ಉಸಿರು ನಿಮಿಷಕ್ಕ ಎಂಟು,” ಎಂದರು. ಇಪ್ಪತ್ತೈದರ ಸುತ್ತ ಇರಬೇಕಾದದ್ದು.

ಯಲ್ಲವ್ವ ಓಡಿಬಂದಳು, ಕೂದಲ ತುಂಬ ಹತ್ತಿಯ ಎಳೆ. ಹಿಂದೆ ನಿಂಬವ್ವ. ದಸ್ತಗೀರಸಾಬರು ಅದೇ ಪ್ರಶ್ನೆ ಕೇಳಿದರು.

“ನಾ ಏನೂ ಕೊಟ್ಟಿಲ್ರೀ ಸಾಹೇಬ್ರ, ಖರೇವಂದ್ರೂ ಕೊಟ್ಟಿಲ್ಲ,” ಎಂದಳು ಯಲ್ಲವ್ವ.

“ಕೊಟ್ಟಿದ್ದ ಹೊತ್ತು ಗೊತ್ತಾದ್ರ ವಿಷ ಇನ್ನೂ ಏರತೈತೋ, ಇಳಿಯಾಕ ಹತ್ತೈತೋ ತಿಳೀತೈತಿ. ಸುಳ್ಳ ಹೇಳಿದ್ರ ನಿನ್ನ ಕೂಸ ಹೊಕ್ಕೈತಿ, ನಂದಲ್ಲ.”

ಯಲ್ಲವ್ವ ಮಗುವನ್ನೂ ನೋಡಲಿಲ್ಲ, ಕಂಪೌಂಡರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ನಿಂಬವ್ವನೂ ನನ್ನನ್ನೇ ನೋಡುತ್ತಿದ್ದಳು. ಸಾಯುತ್ತಿರುವ ಮಗುವಿನ ಮುಂದೆ ನಿಂತೂ ಅವರು ಹೆದರಿದ್ದು ನನಗೆ. ಅಂದಿನ ದಿನದಲ್ಲಿ ನಾನು ಕಂಡ ಭಯಗಳಲ್ಲೆಲ್ಲ ಅದು ದೊಡ್ಡದು.

“ಯಲ್ಲವ್ವಾ, ಆ ನಾಲ್ಕನೇ ನಿಯಮ ಇವತ್ತಿಗೆ ಹೋತು. ನಿನ್ನ ಕೂಸನ್ನ ಹೊರಗ ಹಾಕೂದಿಲ್ಲ, ನಿನ್ನ ಕೆಲಸಾನೂ ಹೋಗೂದಿಲ್ಲ. ಹೇಳು.”

“ಈಗ ಅಂತೀರಿ. ನಾಳಿ ಮುಂಜಾನಿ ಮತ್ತ ಗ್ವಾಡಿ ನೋಡಿ ಓದತೀರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಗುವುದನ್ನು ಆಗುವ ಹಾಗೆ ಹೇಳಿದ್ದಳು.

ನನ್ನ ವಾದಗಳೆಲ್ಲ ಅಲ್ಲಿಗೆ ಮುಗಿದವು. ಆಣೆ ಪ್ರಮಾಣಗಳು ಅಜ್ಞಾನದ ಗುರುತೆಂದು ವೇದಿಕೆಯ ಮೇಲೆ ಸಾಧಿಸಿದ್ದವಳು ನಾನು. ಆ ಮೇಜಿನ ಬಳಿ ಗಂಗಿಯ ತಲೆಯ ಮೇಲೆ ಅಂಗೈಯಿಟ್ಟು, “ಈ ಕೂಸಿನ ಆಣಿ” ಎಂದೆ.

ಯಲ್ಲವ್ವ ಕುಸಿದು ಕೂತಳು. “ಕೋಳಿ ಕೂಗೂ ಹೊತ್ತಿಗೆ ಕೊಟ್ಟೇನ್ರಿ. ಸಾಸಿವಿ ಕಾಳಿನಷ್ಟು. ದಿನಾ ಕೊಡೂದ ಅಷ್ಟ. ಎಲ್ಲಾರೂ ಕೊಡತಾರ್ರಿ ಅಕ್ಕೋರ. ಅತ್ತರ ನೀವು ತಿರಗಿ ಕಳಸ್ತೀರಲ್ರೀ.”

“ಅಷ್ಟಕ್ಕ ಹಿಂಗ ಆಗೂದಿಲ್ಲ,” ಎಂದರು ದಸ್ತಗೀರಸಾಬರು.

ಆಗ ನಿಂಬವ್ವ ತನ್ನ ಬಲಗೈಯನ್ನು ಮುಂದೆ ಚಾಚಿದಳು. ತೋರುಬೆರಳಿನ ಉಗುರಿನ ಕೆಳಗೆ ಕಪ್ಪು ಮೆತ್ತಿಕೊಂಡಿತ್ತು. “ನಾನೂ ನೆಕ್ಕಸೀನಿ,” ಎಂದಳು. “ಒಂಬತ್ತಕ್ಕ. ಅಕ್ಕೋರು ಇವತ್ತು ಅಳಬಾರದು ಅಂದಿದ್ರು. ತಾಯಂದ್ರು ಕೊಟ್ಟಿರತಾರಂತ ನನಗೇನ ಗೊತ್ರೀ... ಮನ್ಯಾಗ ಕೊಡತಿದ್ರು, ಇಲ್ಲೆ ಬಂದ ಮ್ಯಾಲ ಬಿಟ್ಟಾರ ಅಂತ ತಿಳದಿದ್ನಿ.”

ತಾಯಂದಿರು ಆಯಾಳಿಗೆ ಹೇಳಿರಲಿಲ್ಲ, ಆಯಾ ತಾಯಂದಿರಿಗೆ ಹೇಳಿರಲಿಲ್ಲ. ಇಬ್ಬರೂ ನನಗೆ ಹೇಳಿರಲಿಲ್ಲ. ನನ್ನೊಬ್ಬಳಿಗೇ ಹೆದರಿ ಎರಡೂ ಕೈಗಳು ಒಂದೇ ಬಾಯಿಗೆ ಒಂದೇ ವಿಷವನ್ನು ಇಟ್ಟಿದ್ದವು. ನಾನಿದನ್ನು ಇನ್ನೂ ಅರಗಿಸಿಕೊಳ್ಳುತ್ತಿದ್ದಾಗ ನಿಂಬವ್ವ ತಡವರಿಸುತ್ತ, “ಅಕ್ಕೋರ, ಬರೇ ಗಂಗಿಗಲ್ರಿ... ಎಲ್ಲಾ ಕೂಸಿಗೂ ಹಚ್ಚೀನಿ” ಎಂದಳು.

ಕೋಣೆಯಲ್ಲಿ ಇನ್ನೂ ಇಪ್ಪತ್ತೊಂದು ಮಕ್ಕಳು ಮಲಗಿದ್ದವು.

ಗಂಗಿಯ ತೋಳುಗಳನ್ನು ಯಲ್ಲವ್ವನ ಕೈಗೆ ಕೊಟ್ಟು ನಾನು ಹೊರಗೆ ಓಡಿದೆ. ಟಾಂಗಾದಲ್ಲಿ ನಿಂಬವ್ವ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಕೋಣೆಯ ಬಾಗಿಲಲ್ಲಿ ಕಾವಲುಗಾರನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, “ಶ್‌... ಎಲ್ಲಾ ಮಲಗ್ಯಾವ” ಎಂದಳು. ನಾನು ಮೊದಲನೆಯ ಮಗುವಿನ ಕೆನ್ನೆಗೆ ತಟ್ಟಿದೆ. ಕಣ್ಣು ತೆರೆದು ಮುಚ್ಚಿತು. ಎರಡನೆಯದು ಮುಲುಕಿತು. ಮೂರನೆಯದು ಏನೂ ಮಾಡಲಿಲ್ಲ. ಇಬ್ಬರು ಹೆಂಗಸರು ಇಪ್ಪತ್ತೊಂದು ಮಕ್ಕಳನ್ನು ಎಚ್ಚರವಾಗಿ ಇಡಲು ಸಾಧ್ಯವೇ ಇರಲಿಲ್ಲ. ಯಂತ್ರಗಳ ಕಡೆಗೆ ಓಡಿದೆ.

ಮ್ಯಾನೇಜರರು ಗದ್ದಲದಲ್ಲಿ ಕಿವಿಗೆ ಕೈ ಹಚ್ಚಿ ಕೇಳಿದರು. “ಯಂತ್ರಾ ನಿಲ್ಲಸೂದ? ಬಾಯಾರ, ಸಂಜೀಮುಂದ ನೋಡೂಣ್ರಿ. ಕೂಸು ಮಲಗಿದ್ರ ಛಲೋನ ಆತಲ್ಲ?”

“ಮಲಗಿಲ್ಲ, ಸಾಯಾಕ ಹತ್ಯಾವ. ತಾಯಂದ್ರನ್ನ ಕಳಸ್ರಿ. ನೀವು ಕಳಸದಿದ್ರ ನಾನ ಒಳಗ ಹೋಗಿ ಕೂಗಿ ಹೇಳತೀನಿ, ಆಮ್ಯಾಲ ಯಂತ್ರದ ಮುಂದ ಒಬ್ಬಾಕಿನೂ ನಿಲ್ಲೂದಿಲ್ಲ.”

ಅವರು ಮುಖ ಕಪ್ಪಿಟ್ಟುಕೊಂಡು ಕೈ ಎತ್ತಿದರು. ಯಂತ್ರಗಳನ್ನು ತಿರುಗಿಸುವ ಪಟ್ಟಾಗಳು ನಿಂತವು. ಹೆಂಗಸರು ಬಂದರು. ನರ್ಸರಿ ತೆರೆದ ಎರಡು ತಿಂಗಳಲ್ಲಿ ತಾಯಂದಿರು ಹಗಲಿನಲ್ಲಿ ಆ ಕೋಣೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅದಕ್ಕೂ ಒಂದು ನಿಯಮ ಬರೆದಿದ್ದೆ. ಯಾರಿಗೂ ವಿವರಿಸಬೇಕಾಗಲಿಲ್ಲ. ಒಬ್ಬೊಬ್ಬಳೂ ತನ್ನ ಮಗುವನ್ನು ಎತ್ತಿಕೊಂಡು ತಣ್ಣೀರು ಚಿಮುಕಿಸಿದಳು, ಅಂಗಾಲು ತಿಕ್ಕಿದಳು, ಹೆಸರು ಹಿಡಿದು ಕರೆದಳು. ಏಳದ ಮೂರು ಮಕ್ಕಳನ್ನು ತಾಯಂದಿರೊಡನೆ ದವಾಖಾನೆಗೆ ಕಳಿಸಿದೆವು. ಉಳಿದವನ್ನು ಅಂಗಳದಲ್ಲಿ ಮಲಗಗೊಡದೆ ತಿರುಗಿಸಿದೆವು. ಒಂದು ಮಗು ಅತ್ತಿತು, ಇನ್ನೊಂದು ಅತ್ತಿತು. ಮಕ್ಕಳು ಅಳುವುದನ್ನು ಕೇಳಲು ನಾನು ಅಷ್ಟು ಆಸೆಯಿಂದ ಕಾದದ್ದು ಅದಕ್ಕೆ ಮೊದಲು ಇಲ್ಲ. ನಾಲ್ಕರ ಹೊತ್ತಿಗೆ ಅಂಗಳದಲ್ಲಿ ಹದಿನೆಂಟು ಮಕ್ಕಳೂ ಎಚ್ಚರವಾಗಿದ್ದವು.

ದವಾಖಾನೆಗೆ ಮರಳಿದಾಗ ಬಾಗಿಲಲ್ಲೇ ಕಾಲು ನಿಂತಿತು. ಒಳಗಿನಿಂದ ದನಿಯಿಲ್ಲ. ಹೋಗಿ ನೋಡಲು ಧೈರ್ಯವಾಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. “ಒಳಗ ಬರ್ರಿ,” ಎಂದು ದಸ್ತಗೀರಸಾಬರೇ ಕರೆದರು. ಹೊಸದಾಗಿ ಬಂದ ಮೂರು ಮಕ್ಕಳು ತಾಯಂದಿರ ತೊಡೆಯ ಮೇಲೆ ಕಣ್ಣು ಪಿಳುಕಿಸುತ್ತಿದ್ದವು. ಯಲ್ಲವ್ವ ಇನ್ನೂ ತೋಳುಗಳನ್ನು ಎತ್ತಿ ಇಳಿಸುತ್ತಿದ್ದಳು. ನಾಲ್ಕು ತಾಸು ಹಾಗೆಯೇ ಮಾಡಿದ್ದಳು. “ಹದಿನಾಲ್ಕಕ್ಕ ಬಂದೈತಿ,” ಎಂದರು ಅವರು. “ಇನ್ನೂ ಹೇಳಾಕ ಬರೂದಿಲ್ಲ.”

ಯಲ್ಲವ್ವನ ಬದಲು ನಾನು ತೋಳುಗಳನ್ನು ಹಿಡಿದೆ. ಒಂದು ಗಂಟೆಯ ಮೇಲೆ ಗಂಗಿ ಮುಖ ಕಿವುಚಿದಳು, ವಾಂತಿ ಮಾಡಿದಳು, ಆಮೇಲೆ ಒಡೆದ ದನಿಯಲ್ಲಿ ಅಳತೊಡಗಿದಳು. ಯಲ್ಲವ್ವ ಅವಳನ್ನು ನನ್ನ ಕೈಯಿಂದ ಕಸಿದುಕೊಂಡಳು. “ಅಳಲಿ, ಅಳಲಿ,” ಎಂದರು ದಸ್ತಗೀರಸಾಬರು, ಮತ್ತು ಗೋಡೆಗೆ ಒರಗಿ ಕೂತರು.

ಮರುದಿನ ಮಾಲಕರ ಮುಂದೆ ನಾನು ನಡೆದದ್ದನ್ನೆಲ್ಲ ಹೇಳಿದೆ. ನಿಂಬವ್ವನನ್ನು ತೆಗೆದುಹಾಕುವ ಮಾತು ಬಂದಾಗ, ಅವಳಿಗಿಂತ ಮೊದಲು ನನ್ನನ್ನು ತೆಗೆಯಬೇಕಾಗುತ್ತದೆ ಎಂದೆ, ಇಬ್ಬರೂ ಉಳಿದೆವು. ಗಂಗಾವತಿಯ ಯೋಜನೆ ಕೈಬಿಟ್ಟುಹೋಯಿತು. ಗೋಡೆಯ ಕಾಗದ ಹೋಯಿತು. ಹಾಲೂಡಿಸಲು, ಎತ್ತಿಕೊಳ್ಳಲು ತಾಯಂದಿರು ಹಗಲಿನಲ್ಲಿ ಎರಡು ಸಲ ಬರುವಂತಾಯಿತು. ಮ್ಯಾನೇಜರರು ಗೊಣಗಿದರು, ಆದರೆ ಬಿಟ್ಟರು. ಬೆಳಿಗ್ಗೆ ಬಾಗಿಲಲ್ಲಿ ನಾನು ‘ಕೊಟ್ಟಿದ್ದೀಯಾ’ ಎಂದು ಕೇಳುತ್ತಿರಲಿಲ್ಲ. ‘ಎಷ್ಟೊತ್ತಿಗೆ ಕೊಟ್ಟಿ, ಎಷ್ಟು ಕೊಟ್ಟಿ’ ಎಂದು ಕೇಳುತ್ತಿದ್ದೆ, ಗದರುತ್ತಿರಲಿಲ್ಲ. ಹಾಗೆ ಕೇಳಿದ್ದರಿಂದ ಅವರು ನಿಜ ಹೇಳಿದರು. ಡಾಕ್ಟರರ ಸಲಹೆಯಂತೆ ದಿನದಿನಕ್ಕೆ ಅಳತೆಯನ್ನು ಇಳಿಸಿ ಬಿಡಿಸಿದೆವು. ಅಭ್ಯಾಸ ತಪ್ಪಿದ ಮಕ್ಕಳು ಹತ್ತು ದಿನ ಅತ್ತವು, ಭೇದಿಯಾಯಿತು, ನನಗೂ ನಿಂಬವ್ವನಿಗೂ ನಿಂತು ಉಣ್ಣುವಷ್ಟೂ ಪುರಸೊತ್ತಿರಲಿಲ್ಲ. ಆಮೇಲೆ ಬಿಲ್ಲೆಗಳು ಹಾರಾಡತೊಡಗಿದವು. ತಟ್ಟೆಯ ಮರಳು ಒಬ್ಬರ ತಲೆಯಿಂದ ಒಬ್ಬರ ತಲೆಗೆ ಹೋಯಿತು. ಶಿಕ್ಷಣ ಎಂದು ನಾನು ಓದಿ ತಿಳಿದಿದ್ದು ಆ ಗದ್ದಲದಲ್ಲಿ ನಿಧಾನವಾಗಿ ಮೊದಲಾಯಿತು.

ಗಂಗಿಯ ಬಗ್ಗೆ ಸತ್ಯವನ್ನೇ ಹೇಳಬೇಕು. ಅವಳು ಬದುಕಿದಳು. ಆದರೆ ಆ ಹಂಗಾಮು ಮುಗಿಯುವವರೆಗೂ ಅವಳು ಮಣಿಗಳನ್ನು ಮೊದಲಿನಂತೆ ಬೇರೆ ಮಾಡಲಿಲ್ಲ. ಕೆಂಪನ್ನೂ ಬಿಳಿಯನ್ನೂ ಒಂದೇ ಬಟ್ಟಲಿಗೆ ಹಾಕಿ ನನ್ನ ಮುಖ ನೋಡುತ್ತಿದ್ದಳು. ಮೇ ತಿಂಗಳಲ್ಲಿ ಯಲ್ಲವ್ವ ಅವಳನ್ನು ಸೊಂಟದಲ್ಲಿ ಕೂರಿಸಿಕೊಂಡು ಊರಿಗೆ ಹೋದಳು. ಮರುವರ್ಷ ಬರಲಿಲ್ಲ. ಕಳೆದದ್ದು ಅವಳಿಗೆ ಮರಳಿ ಬಂತೋ ಇಲ್ಲವೋ ನನಗೆ ತಿಳಿಯದು. ಮುಂದೆ ಮೂವತ್ತು ವರ್ಷ ಮಕ್ಕಳ ಸಂಸ್ಥೆಗಳಲ್ಲಿಯೇ ದುಡಿದೆ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ದುಡಿದೆ.

ಆ ನೌಕರಿ ನನಗೆ ಕಲಿಸಿದ್ದು ಇಷ್ಟು: ಮಕ್ಕಳ ಆರೈಕೆಯ ಗುಣವನ್ನು ಅಳೆಯುವವರು, ಆ ಆರೈಕೆ ಮಾಡುವವರಿಗೆ ತಮ್ಮ ಬಗ್ಗೆ ಎಷ್ಟು ಭಯವಿದೆಯೆಂದು ಮೊದಲು ಅಳೆದುಕೊಳ್ಳಬೇಕು. ಭಯವಿರುವಲ್ಲಿ ಮಗುವಿಗೆ ಏನಾಗುತ್ತಿದೆಯೆಂದು ಯಾರೂ ಬಾಯಿ ಬಿಡುವುದಿಲ್ಲ, ಮಗುವಿಗಂತೂ ಹೇಳಲು ಬಾರದು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಸರಳವಾದದ್ದು. ನಿಮ್ಮ ಊರಿನಲ್ಲಿ ಇಂಥದೊಂದು ಕೋಣೆ ಇದ್ದರೆ, ಅಲ್ಲಿ ನಿಮ್ಮ ಮಗುವಿರಲಿ, ಇಲ್ಲದಿರಲಿ, ಒಂದು ಮಧ್ಯಾಹ್ನ ಮುಂಚೆ ತಿಳಿಸದೆ ಹೋಗಿ. ಮಲಗಿರುವ ಒಂದು ಮಗುವಿನ ಪಕ್ಕದಲ್ಲಿ ಕೂತು ಅದನ್ನು ಎಬ್ಬಿಸಿ. ಅದು ನಿಮ್ಮ ಮೇಲೆ ಸಿಟ್ಟಾಗಿ ಅಳುವವರೆಗೆ ಅಲ್ಲಿಂದ ಏಳಬೇಡಿ.